ಮಂಪರು ಇಳಿದ ಮೇಲಿನ ವಾಂತಿ

1846ರ ಅಕ್ಟೋಬರ್‌ನಲ್ಲಿ ವಿಲಿಯಂ ಮಾರ್ಟನ್ ಬಾಸ್ಟನ್ ಆಸ್ಪತ್ರೆಯಲ್ಲಿ ರೋಗಿಯೊಬ್ಬನಿಗೆ ಈಥರ್ ಮೂಸಿಸಿದ. ಆಪರೇಷನ್ನಿನ ನೋವು ಹೋಯಿತೆಂದು ಜಗತ್ತು ಕೊಂಡಾಡಿತು. ಆದರೆ ಈಥರ್ ಮೂಸಿ ಎದ್ದವರಲ್ಲಿ ಮುಕ್ಕಾಲು ಪಾಲು ಜನ ವಾಂತಿ ಮಾಡಿಕೊಳ್ಳುತ್ತಿದ್ದರೆಂದು ಹಳೆಯ ವರದಿಗಳು ಹೇಳುತ್ತವೆ. ಕಾಲರಾಕ್ಕೂ ಕುಡಿಯುವ ನೀರಿಗೂ ನಂಟು ತೋರಿಸಿದ ಲಂಡನ್ನಿನ ಜಾನ್ ಸ್ನೋ 1848ರಲ್ಲೇ ಇದರ ಬಗ್ಗೆ ಬರೆದ: ಆಪರೇಷನ್ ಮುಗಿದ ಕೂಡಲೇ ರೋಗಿಯನ್ನು ಅಲುಗಾಡಿಸಿದರೆ ವಾಂತಿ ಹೆಚ್ಚು. ಅವನು ಸೂಚಿಸಿದ ಮದ್ದು ವೈನ್ ಮತ್ತು ಅಫೀಮು. ಅಫೀಮೇ ವಾಂತಿ ಬರಿಸುತ್ತದೆ ಎನ್ನುವುದು ಬೇರೆ ಮಾತು.

ಮುಂದಿನ ನೂರು ವರ್ಷ ಇದು ಸಣ್ಣ ತೊಂದರೆಗಳ ಪಟ್ಟಿಯಲ್ಲೇ ಉಳಿಯಿತು. ಜೀವಕ್ಕೆ ಅಪಾಯವಿಲ್ಲವಲ್ಲ ಎಂಬ ಧೋರಣೆ. ಹೊಟ್ಟೆಯ ಹಸಿ ಹೊಲಿಗೆ ಹಿಡಿದುಕೊಂಡು ಬೇಸಿನ್ನಿಗೆ ಬಗ್ಗಿದವರನ್ನು ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು.

ಗಂಡಸರಿಗಿಂತ ಹೆಂಗಸರಲ್ಲಿ ಈ ವಾಂತಿ ಎರಡು ಮೂರು ಪಟ್ಟು ಹೆಚ್ಚು. ಸ್ತ್ರೀರೋಗ ವಿಭಾಗದಲ್ಲಾದರೋ ದಿನವೂ ಒಂದೇ ಬಗೆಯ ಆಪರೇಷನ್, ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಹಾಗಾಗಿ ವಾಂತಿ ತಡೆಯುವ ಹೊಸ ಉಪಾಯಗಳಿಗೆಲ್ಲ ಆ ವಾರ್ಡೇ ಪರೀಕ್ಷೆಯ ಕಣವಾಯಿತು.

ಬೆಲ್‌ಫಾಸ್ಟ್‌ನ ಅರಿವಳಿಕೆ ಪ್ರಾಧ್ಯಾಪಕ ಜಾನ್ ಡಂಡೀ ಈ ಕಣಕ್ಕೆ ಹಿಡಿದು ಬಂದದ್ದು ಚೀನೀಯರ ಸೂಜಿ. ಮಣಿಕಟ್ಟಿನ ಗೆರೆಯಿಂದ ಸುಮಾರು ಮೂರು ಬೆರಳು ಮೇಲೆ, ಮುಂಗೈಯ ಒಳಬದಿಯ ಎರಡು ಸ್ನಾಯುರಜ್ಜುಗಳ ನಡುವೆ ಚುಚ್ಚಿದಾಗ ಸಣ್ಣ ಆಪರೇಷನ್ನಿಗೆ ಬಂದಿದ್ದ ಹೆಂಗಸರಲ್ಲಿ ವಾಂತಿ ಕಡಿಮೆಯಾಯಿತೆಂದು ಅವರ ತಂಡ 1986ರಲ್ಲಿ ಪ್ರಕಟಿಸಿತು. ಮರುವರ್ಷ ಬೇರೊಂದು ತಂಡ ಲ್ಯಾಪರೊಸ್ಕೋಪಿಯ ರೋಗಿಗಳಿಗೆ ಅರಿವಳಿಕೆ ಕೊಟ್ಟ ಮೇಲೆ ಚುಚ್ಚಿ ನೋಡಿತು. ಏನೂ ಪ್ರಯೋಜನವಾಗಲಿಲ್ಲ.

1990ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆ 60 ಹೆಂಗಸರ ಮೇಲೆ ಶುಂಠಿಯನ್ನು ಪ್ರಯೋಗಿಸಿತು. ನಮ್ಮಲ್ಲಿ ಪೆರಿನಾರ್ಮ್ ಎಂದು ಸಿಗುವ ಮೆಟೊಕ್ಲೋಪ್ರಮೈಡ್‌ಗೆ ಅದು ಸರಿಸಮ ನಿಂತಿತು. ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಅಚ್ಚರಿಯೇನೂ ಕಾಣುತ್ತಿರಲಿಲ್ಲ. ಆದರೆ 1995ರ ಇನ್ನೊಂದು ಪರೀಕ್ಷೆಯಲ್ಲಿ ಶುಂಠಿ ಸೋತಿತು.

ಅಷ್ಟರಲ್ಲಿ ಆಂಡಾನ್ಸೆಟ್ರಾನ್ ಬಂದಿತ್ತು, ನಮ್ಮ ಔಷಧಿ ಅಂಗಡಿಗಳ ಎಮೆಸೆಟ್. ಅದರ ಬಂಧು ಗ್ರಾನಿಸೆಟ್ರಾನ್‌ನ ಬಗ್ಗೆ ಜಪಾನಿನ ಯೋಶಿತಾಕ ಫುಜಿಯಿ ಒಂದರ ಹಿಂದೊಂದು ಪ್ರಬಂಧ ಬರೆಯತೊಡಗಿದ. ಹಲವು ಪ್ರಬಂಧಗಳು ಸ್ತ್ರೀರೋಗ ಶಸ್ತ್ರಚಿಕಿತ್ಸೆಯ ರೋಗಿಗಳವೇ, ಫಲಿತಾಂಶ ಎಲ್ಲೆಲ್ಲೂ ಚೊಕ್ಕ. ಆ ಚೊಕ್ಕತನವೇ ಅನುಮಾನಕ್ಕೆ ಕಾರಣವಾಯಿತು. ಔಷಧ ಪಡೆದವರಲ್ಲಿ ಎಷ್ಟು ಜನಕ್ಕೆ ತಲೆನೋವೋ ಪಡೆಯದವರಲ್ಲೂ ಅಷ್ಟೇ ಜನಕ್ಕೆ, ಅದೂ ಪ್ರಬಂಧದಿಂದ ಪ್ರಬಂಧಕ್ಕೆ! 2000ರಲ್ಲಿ ಜರ್ಮನಿಯ ಮೂವರು ವೈದ್ಯರು ವೈದ್ಯಕೀಯ ಪತ್ರಿಕೆಗೆ ಕಾಗದ ಬರೆದು ಇದನ್ನು ತೋರಿಸಿದರು. ಯಾರೂ ಕದಲಲಿಲ್ಲ. ಫುಜಿಯಿ ಇನ್ನೂ ಹತ್ತು ವರ್ಷ ಬರೆದ, ಪತ್ರಿಕೆಗಳು ಅಚ್ಚು ಹಾಕಿದವು. ಕೊನೆಗೆ 2012ರಲ್ಲಿ ಇಂಗ್ಲೆಂಡಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ ಅವನ 168 ಪರೀಕ್ಷೆಗಳ ಅಂಕಿ ಅಂಶ ಜಾಲಾಡಿದರು; ವಯಸ್ಸು, ತೂಕಗಳು ಆ ರೀತಿ ಹೊಂದಿಕೊಳ್ಳುವುದು ಆಕಸ್ಮಿಕವಾಗಿ ಸಾಧ್ಯವೇ ಇರಲಿಲ್ಲ. ಜಪಾನಿನ ಅರಿವಳಿಕೆ ತಜ್ಞರ ಸಂಘ 212 ಪ್ರಬಂಧ ಪರಿಶೀಲಿಸಿ 172ರಲ್ಲಿ ಕಟ್ಟುಕಥೆ ಕಂಡಿತು, 126 ಪೂರಾ ಸೃಷ್ಟಿ. ಹೆಂಗಸರ ಸಂಕಟವನ್ನು ಹಗುರವಾಗಿ ಕಂಡ ವೈದ್ಯಲೋಕ, ಇಲ್ಲದ ಹೆಂಗಸರ ಲೆಕ್ಕವನ್ನು ಇಷ್ಟು ಕಾಲ ನಂಬಿತ್ತು.

2000ರ ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು ಕ್ರಿಶ್ಚಿಯನ್ ಆಪ್ಫೆಲ್. 1999ರಲ್ಲಿ ಅವರು ಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ರೋಗಿ ಹೆಣ್ಣೇ? ಸಿಗರೇಟು ಸೇದದವಳೇ? ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆಯೇ, ಅಥವಾ ಹಿಂದಿನ ಆಪರೇಷನ್ನಿನಲ್ಲಿ ವಾಂತಿಯಾಗಿತ್ತೇ? ಆಮೇಲೆ ಮಾರ್ಫಿನ್ ಜಾತಿಯ ನೋವಿನ ಮದ್ದು ಬೇಕಾದೀತೇ? ಒಂದಕ್ಕೂ ಹೌದು ಎನ್ನದಿದ್ದರೆ ವಾಕರಿಕೆ ಇಲ್ಲವೇ ವಾಂತಿಯ ಸಂಭವ ಶೇ. 10, ನಾಲ್ಕಕ್ಕೂ ಹೌದಾದರೆ ಶೇ. 79. ಸಿಗರೇಟು ಮುಟ್ಟದ ನಮ್ಮ ಬಹುಪಾಲು ಹೆಂಗಸರು ಥಿಯೇಟರಿಗೆ ಬರುವಾಗಲೇ ಎರಡು ಅಂಕ ಹೊತ್ತಿರುತ್ತಾರೆ.

ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಆಪ್ಫೆಲ್ ತಂಡ ನಡೆಸಿದ ಪರೀಕ್ಷೆ 2004ರಲ್ಲಿ ಹೊರಬಂತು. ಯಾವ ಮದ್ದಾದರೂ ಅಪಾಯವನ್ನು ಕಾಲು ಭಾಗದಷ್ಟು ಇಳಿಸುತ್ತದೆ, ಎರಡನೆಯದು ಉಳಿದದ್ದರಲ್ಲಿ ಕಾಲು ಭಾಗ. ಹಾಗಾಗಿ ಈಗ ಜೋಡಿ ಮದ್ದಿನ ರೂಢಿ: ಶುರುವಿನಲ್ಲಿ ಡೆಕ್ಸಾಮೆಥಸೋನ್, ಹೊಲಿಗೆ ಮುಗಿಯುವ ಹೊತ್ತಿಗೆ ಆಂಡಾನ್ಸೆಟ್ರಾನ್. ಮೊದಲನೆಯದನ್ನು ರೋಗಿ ನಿದ್ದೆಗೆ ಜಾರಿದ ಮೇಲೆಯೇ ಚುಚ್ಚುತ್ತಾರೆ. ಎಚ್ಚರವಿದ್ದಾಗ ವೇಗವಾಗಿ ಚುಚ್ಚಿದರೆ ಗುಪ್ತಾಂಗದ ಸುತ್ತ ವಿಪರೀತ ಉರಿ, ತುರಿಕೆ.