ಆರು ತಂತಿಗೆ ಇಳಿದ ಲ್ಯೂಟ್

ಸ್ಪೇನಿನ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ತಮ್ಮ ಕಛೇರಿಗಳಲ್ಲಿ ಸಿಲ್ವಿಯಸ್ ಲಿಯೋಪೋಲ್ಡ್ ವೈಸ್‌ನದೆಂದು ಒಂದು ಕೃತಿಯನ್ನು ನುಡಿಸುತ್ತಿದ್ದರು. ಶ್ರೋತೃಗಳು ನಂಬಿದರು. ಅದನ್ನು ರಚಿಸಿದವರು 20ನೇ ಶತಮಾನದವರೇ ಆದ ಅವರ ಗೆಳೆಯ, ಮೆಕ್ಸಿಕೋದ ಮ್ಯಾನುಯೆಲ್ ಪೋನ್ಸೆ! ಅಸಲಿ ವೈಸ್‌ನನ್ನು ಕೇಳಿದವರೇ ವಿರಳ. ನಕಲಿ ಸಲೀಸಾಗಿ ಚಲಾವಣೆಯಾಯಿತು.

ವೈಸ್ (1687–1750) ಡ್ರೆಸ್ಡೆನ್ ಆಸ್ಥಾನದ ಲ್ಯೂಟ್ ವಾದಕ, ಬಾಖ್‌ನ ಸಮಕಾಲೀನ. 1739ರಲ್ಲಿ ಲೈಪ್‌ಜಿಗ್‌ನ ಬಾಖ್ ಮನೆಯಲ್ಲಿ ನುಡಿಸಿದ್ದೂ ಉಂಟು. ಸೀಳಿದ ಪೇರಳೆಯಾಕಾರದ ಲ್ಯೂಟ್ ಆಗ 13 ಸಾಲುಗಳಲ್ಲಿ 24 ತಂತಿಗಳನ್ನು ಹೊತ್ತಿತ್ತು. ಗಿಟಾರಿಗಿರುವುದು ಆರೇ.

ತೊಡಕು ಲಿಪಿಯಿಂದಲೇ ಆರಂಭ. ಲ್ಯೂಟಿನ ಹಸ್ತಪ್ರತಿಗಳಲ್ಲಿ ಸ್ವರಗಳಿಲ್ಲ. ಯಾವ ತಂತಿಯ ಯಾವ ಮೆಟ್ಟಿಲಲ್ಲಿ ಬೆರಳಿಡಬೇಕೆಂದು ಹೇಳುವ ಅಕ್ಷರಗಳಿವೆ. ಗಿಟಾರಿನ ಶ್ರುತಿಯೇ ಬೇರೆ. ಅಕ್ಷರಗಳನ್ನು ಹಾಗೆಯೇ ಅನುಸರಿಸಿದರೆ ಅಪಸ್ವರ ಖಂಡಿತ. ಇಡೀ ಕೃತಿಯನ್ನು ಸ್ವರಲಿಪಿಗೆ ತಂದು, ಬೆರಳುಗಳ ದಾರಿಯನ್ನು ಹೊಸದಾಗಿ ಹುಡುಕಬೇಕು.

ಇನ್ನೂ ಕಠಿಣವಾದದ್ದು ಮಂದ್ರ. ಲ್ಯೂಟಿನ ಕೆಳತಂತಿಗಳನ್ನು ತಂಬೂರಿಯಂತೆ ಬಿಡಿಯಾಗಿ ಮೀಟಿದರಾಯಿತು, ನಾದ ತಾನಾಗಿ ಉಳಿಯುತ್ತದೆ. ಗಿಟಾರಿನಲ್ಲಿ ಅದೇ ಸ್ವರಕ್ಕೆ ಹಲವೆಡೆ ಎಡಗೈ ಬೆರಳೊಂದನ್ನು ಮೀಸಲಿಡಬೇಕು. ಬೆರಳೆತ್ತಿದೊಡನೆ ನಾದ ಸತ್ತಿತು. ಆರನೆಯ ತಂತಿಯನ್ನು ಒಂದು ಸ್ವರ ಇಳಿಸಿಕೊಳ್ಳುವುದು ರೂಢಿ. ಅದಕ್ಕೂ ಕೆಳಗಿನವನ್ನು ಒಂದು ಸ್ಥಾಯಿ ಮೇಲಕ್ಕೆ ತರಬೇಕಾಗುತ್ತದೆ. ಆಗ ಇಳಿಯುತ್ತಾ ಹೋಗಬೇಕಾದ ಸಾಲು ನಡುವೆ ಥಟ್ಟನೆ ಮೇಲೆ ಜಿಗಿಯುತ್ತದೆ. ಕೆಲವರು ಒಂದು ಸ್ವರವನ್ನೂ ಬಿಡದೆ ತುಂಬಲು ಹೋಗಿ ಹಗುರವಾದ ನೃತ್ಯಗತಿಯನ್ನೇ ಭಾರ ಮಾಡುತ್ತಾರೆ. ಕೆಲವನ್ನು ಕೈಬಿಡುವವರೇ ವೈಸ್‌ಗೆ ಹತ್ತಿರ.

ಅವನ ಕೃತಿಗಳ ಎರಡು ದೊಡ್ಡ ಹಸ್ತಪ್ರತಿಗಳು ಲಂಡನ್ ಮತ್ತು ಡ್ರೆಸ್ಡೆನ್ ಗ್ರಂಥಾಲಯಗಳಲ್ಲಿವೆ. ಗಿಟಾರ್ ವಾದಕರು ಈಗ ಅವುಗಳಿಂದಲೇ ನೇರವಾಗಿ ಲಿಪ್ಯಂತರಿಸಿಕೊಳ್ಳುತ್ತಾರೆ.