ಗದ್ದೆಯ ಕಪ್ಪೆ ವಿದೇಶದ ತಟ್ಟೆಗೆ ಹೋದ ಕಥೆ

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ರಾತ್ರಿ ಮಂಡ್ಯ, ಮದ್ದೂರು ಅಥವಾ ಮಳವಳ್ಳಿಯ ಗದ್ದೆ ಬಯಲಿನ ಬಳಿ ನಿಂತರೆ ಕಪ್ಪೆಗಳ ಮೇಳವೇ ನಿಮಗೆ ಕೇಳಿಸುತ್ತದೆ. ಅದರಲ್ಲಿ ಗಡುಸಾದ ದನಿ ಗೂಳಿಕಪ್ಪೆಯದು. ಹಳದಿ ಬಣ್ಣಕ್ಕೆ ತಿರುಗಿದ ಗಂಡು ಕಪ್ಪೆ ಗಂಟಲಿನ ಎರಡು ಪಕ್ಕದ ನೀಲಿ ಚೀಲಗಳನ್ನು ಉಬ್ಬಿಸಿ ಹೆಣ್ಣನ್ನು ಕರೆಯುತ್ತದೆ. ಇದರ ವೈಜ್ಞಾನಿಕ ಹೆಸರು ಹಾಪ್ಲೊಬ್ಯಾಟ್ರಾಕಸ್ ಟೈಗರಿನಸ್. ಹಳೆಯ ಪಠ್ಯಪುಸ್ತಕಗಳಲ್ಲಿ ಇದು ರಾಣಾ ಟೈಗ್ರಿನಾ. ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ದ ಶಿಕ್ಷಕರಿಗೆ ಈ ಹೆಸರು ಮರೆತಿರಲಾರದು. ಇದೇ ಕಪ್ಪೆ ಸುಮಾರು ಮೂವತ್ತು ವರ್ಷಗಳ ಕಾಲ ಭಾರತಕ್ಕೆ ವಿದೇಶಿ ವಿನಿಮಯ ತಂದುಕೊಟ್ಟ ಸರಕೂ ಆಗಿತ್ತು. ಆ ವ್ಯಾಪಾರ ಹೇಗೆ ಬೆಳೆಯಿತು, ಏಕೆ ನಿಂತಿತು? ನೀರಾವರಿ ಸೀಮೆಯವರಾದ ನಾವು ಇದನ್ನು ತಿಳಿಯಲೇಬೇಕು.

ನಾಲೆ ಬಂದ ಮೇಲೆ

ಇಂದು ಭತ್ತ, ಕಬ್ಬಿನಿಂದ ಹಸಿರಾಗಿರುವ ಈ ಸೀಮೆಯ ಬಹುಭಾಗ ನೂರು ವರ್ಷಗಳ ಹಿಂದೆ ಮಳೆಯನ್ನೇ ನಂಬಿದ ರಾಗಿಯ ಹೊಲವಾಗಿತ್ತು. ಕನ್ನಂಬಾಡಿ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದ ಮೊದಲ ವರ್ಷಗಳಲ್ಲಿ ಇರ್ವಿನ್ ನಾಲೆಯ ನೀರು ಹೊಲಗಳಿಗೆ ಹರಿಯತೊಡಗಿತು. ಇದೇ ಈಗಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಸಕ್ಕರೆ ಕಂಪನಿ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ನೀರು ನಿಂತ ಗದ್ದೆ ಬರೀ ಭತ್ತದ ನೆಲವಲ್ಲ, ಅದೊಂದು ಆಳವಿಲ್ಲದ ಕೆರೆ. ಕಪ್ಪೆ, ಏಡಿ, ಸಣ್ಣ ಮೀನು, ಬಸವನಹುಳು, ಬದುವಿನ ಬಿಲದಲ್ಲಿ ಇಲಿ, ಇವೆಲ್ಲ ಅದರ ನಿವಾಸಿಗಳು. ಹೀಗಾಗಿ ಗದ್ದೆ ಅಕ್ಕಿಯ ಜೊತೆಗೆ ಮಾಂಸವನ್ನೂ ಕೊಡುವ ತಾಣವಾಗುತ್ತದೆ. ಮುದ್ದೆಯ ಜೊತೆಗೆ ಏಡಿ ಸಾರು ಹಳೆ ಮೈಸೂರು ಸೀಮೆಯ ಹಲವು ಮನೆಗಳಲ್ಲಿ ಇಂದಿಗೂ ಪ್ರಿಯವಾದ ಊಟ.

ಅರಸನ ಪಾಕದಲ್ಲಿ ಇಲಿ

ಇಂತಹ ಮಾಂಸವನ್ನು ಬಡವರ ಊಟವೆಂದು ಹೀಗಳೆಯುವವರು ‘ಮಾನಸೋಲ್ಲಾಸ’ವನ್ನು ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥವಿದು. ಇದರ ‘ಅನ್ನಭೋಗ’ ಭಾಗದಲ್ಲಿ ಹೊಲ ಮತ್ತು ಹೊಳೆದಂಡೆಯ ಇಲಿಗಳನ್ನು ಬಿಸಿ ಎಣ್ಣೆಗೆ ಹಾಕಿ ಕೂದಲು ತೆಗೆದು ಬೇಯಿಸುವ ಕ್ರಮವಿದೆ. ಆಮೆಯ ಅಡುಗೆಯೂ ಇದೆ. ಯಾವುದು ತಿನ್ನತಕ್ಕದ್ದು, ಯಾವುದು ಅಲ್ಲ ಎಂಬುದನ್ನು ಪ್ರಾಣಿಯ ದೇಹ ನಿರ್ಧರಿಸುವುದಿಲ್ಲ. ಕಾಲ ಮತ್ತು ಸಮಾಜ ನಿರ್ಧರಿಸುತ್ತವೆ. ಆದರೆ ಎಷ್ಟು ಹಿಡಿಯಬಹುದು ಎಂಬುದನ್ನು ನಿರ್ಧರಿಸುವುದು ನಿಸರ್ಗವೇ. ಮನೆಯ ಸಾರಿಗೆ ನಾಲ್ಕು ಏಡಿ ಹಿಡಿಯುವುದು ಬೇರೆ, ಹಡಗು ತುಂಬಲು ಹಿಡಿಯುವುದು ಬೇರೆ. ಕಪ್ಪೆಯ ವಿಷಯದಲ್ಲಿ ನಡೆದದ್ದು ಎರಡನೆಯದು.

ಕಾಲು ಮಾತ್ರ ಹಡಗು ಹತ್ತಿತು

ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಕಪ್ಪೆಯ ಹಿಂಗಾಲು ದುಬಾರಿ ಭಕ್ಷ್ಯ. ಆ ದೇಶಗಳ ಸ್ವಂತ ಕಪ್ಪೆಗಳು ಕಡಿಮೆಯಾದಂತೆ ಬೇಡಿಕೆ ಏಷ್ಯಾದ ಕಡೆಗೆ ತಿರುಗಿತು. ಭಾರತದಿಂದ ರಫ್ತು 1950ರ ದಶಕದಲ್ಲಿ ಬೆಳೆಯತೊಡಗಿತು. ಗೂಳಿಕಪ್ಪೆ ಮತ್ತು ಅದರ ಸಂಬಂಧಿಯಾದ ಹಸಿರು ಕೊಳದ ಕಪ್ಪೆ ಮುಖ್ಯ ಸರಕು. ಮಳೆಗಾಲದ ರಾತ್ರಿ ಹಿಡಿಯುವವರು ದೀಪದ ಬೆಳಕನ್ನು ಕಣ್ಣಿಗೆ ಬಿಟ್ಟರೆ ಕಪ್ಪೆ ಕುಳಿತಲ್ಲೇ ಸ್ತಬ್ಧವಾಗುತ್ತಿತ್ತು; ಅದನ್ನು ಎತ್ತಿ ಚೀಲಕ್ಕೆ ಹಾಕುವುದು ಸುಲಭವಾಗಿತ್ತು. ಹಿಂಗಾಲುಗಳನ್ನು ಕತ್ತರಿಸಿ, ಚರ್ಮ ಸುಲಿದು, ಹೆಪ್ಪುಗಟ್ಟಿಸಿ ಕಳುಹಿಸುತ್ತಿದ್ದರು. ಉಳಿದ ದೇಹ ಕಸಕ್ಕೆ. ಎಷ್ಟೋ ಕಪ್ಪೆಗಳ ಕಾಲನ್ನು ಜೀವವಿರುವಾಗಲೇ ಕತ್ತರಿಸುತ್ತಿದ್ದರು.

ಮಳೆಗಾಲವೇ ಕಪ್ಪೆಗಳು ಮೊಟ್ಟೆಯಿಡುವ ಕಾಲ ಎಂಬುದನ್ನು ಇಲ್ಲಿ ಗಮನಿಸಿ. ಒಂದು ಹೆಣ್ಣನ್ನು ಹಿಡಿದರೆ ಅದು ಇಡಬೇಕಾಗಿದ್ದ ಸಾವಿರಾರು ಮೊಟ್ಟೆಗಳೂ ಇಲ್ಲವಾಗುತ್ತವೆ.

ಲೆಕ್ಕ ಹಾಕಿ ನೋಡೋಣ

1981ರಲ್ಲಿ ಭಾರತದಿಂದ ಹೋದ ಕಪ್ಪೆ ಕಾಲಿನ ತೂಕ 4,368 ಟನ್. ಒಂದು ಕಪ್ಪೆಯ ಎರಡು ಕಾಲು ಸೇರಿ 80 ಗ್ರಾಂ ಎಂದಿಟ್ಟುಕೊಳ್ಳಿ. ಆಗ ಆ ಒಂದೇ ವರ್ಷ ಸತ್ತ ಕಪ್ಪೆಗಳು ಸುಮಾರು 5 ಕೋಟಿ 46 ಲಕ್ಷ. ಒಂದೊಂದು ಕಪ್ಪೆ ದಿನಕ್ಕೆ ಬರೀ 5 ಗ್ರಾಂ ಹುಳು ಹುಪ್ಪಟೆ ತಿನ್ನುತ್ತಿತ್ತು ಎಂದುಕೊಂಡರೂ, ಒಂದು ದಿನದ ಲೆಕ್ಕ 273 ಟನ್! 80 ಮತ್ತು 5 ಎಂಬ ಅಂಕಿಗಳು ನಮ್ಮ ಊಹೆ. ಅವನ್ನು ಬದಲಿಸಿ ತರಗತಿಯಲ್ಲಿ ನೀವೇ ಲೆಕ್ಕ ಮಾಡಿಸಬಹುದು.

ಮುಂಬಯಿಯ ನಿಸರ್ಗವಿಜ್ಞಾನಿ ಹುಮಾಯೂನ್ ಅಬ್ದುಲಾಲಿ ಮೊದಲಾದವರು ಈ ವ್ಯಾಪಾರದ ವಿರುದ್ಧ ದನಿಯೆತ್ತಿದರು. 1985ರಲ್ಲಿ ಎರಡೂ ಜಾತಿಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದವು. 1987ರಲ್ಲಿ ಭಾರತ ರಫ್ತನ್ನು ನಿಷೇಧಿಸಿತು.

‘ಕಪ್ಪೆ ಮಾರಿ ಗಳಿಸಿದ ಹಣಕ್ಕಿಂತ ಕೀಟನಾಶಕಕ್ಕೆ ತೆತ್ತ ಹಣ ಹೆಚ್ಚು’ ಎಂಬ ವಾದ ಆಗ ಜನಪ್ರಿಯವಾಯಿತು. ಇದನ್ನು ವಿದ್ಯಾರ್ಥಿಗಳು ಎಚ್ಚರದಿಂದ ಓದಬೇಕು. ಅದೇ ವರ್ಷಗಳಲ್ಲಿ ಐಆರ್-8, ಜಯದಂತಹ ಅಧಿಕ ಇಳುವರಿ ತಳಿಗಳೂ ಹೆಚ್ಚು ಗೊಬ್ಬರವೂ ಗದ್ದೆಗೆ ಬಂದವು. ಕೀಟನಾಶಕದ ಬಳಕೆ ಏರಲು ಅವೂ ಕಾರಣ. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗುವುದಿಲ್ಲ. ಕಪ್ಪೆ ಕೀಟ ತಿನ್ನುವುದು ಮಾತ್ರ ನಿಜ. ಕೀಟನಾಶಕ ಗೊದಮೊಟ್ಟೆಯನ್ನು ಕೊಲ್ಲುವುದೂ ನಿಜ.

ಹಂದಿಗೋಡಿನ ಪಾಠ

ಗದ್ದೆಯ ಮಾಂಸಕ್ಕೂ ವಿಷಕ್ಕೂ ನಂಟು ಕಲ್ಪಿಸಿದ ಇನ್ನೊಂದು ಪ್ರಕರಣ ನಮ್ಮ ರಾಜ್ಯದ್ದೇ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕೂಲಿ ಕುಟುಂಬಗಳವರು ಸೊಂಟ, ಮಂಡಿಯ ಕೀಲುನೋವಿನಿಂದ ನಡೆಯಲಾರದಂತಾದರು. ಅವರು ಗದ್ದೆಯ ಏಡಿ ತಿನ್ನುತ್ತಿದ್ದರು. ಗದ್ದೆಗೆ ಕೀಟನಾಶಕ ಬೀಳುತ್ತಿತ್ತು. ಸಂಶಯ ಏಡಿಯ ಮೇಲೆ ಹೋಯಿತು. ಮುಂದೆ ವಂಶಾವಳಿಗಳನ್ನು ಪರಿಶೀಲಿಸಿದ ಸಂಶೋಧಕರು ಇದು ತಲೆಮಾರಿನಿಂದ ತಲೆಮಾರಿಗೆ ಬರುವ ಮೂಳೆಯ ಕಾಯಿಲೆ ಎಂಬ ನಿರ್ಣಯಕ್ಕೆ ಬಂದರು. ಬಡವರ ಊಟವನ್ನು ಬೇಗ ಅಪರಾಧಿಯಾಗಿಸಬಾರದು ಎಂಬುದು ಇದರ ಒಂದು ಪಾಠ. ಆದರೂ ಔಷಧ ಹೊಡೆದ ಗದ್ದೆಯ ಏಡಿ, ಮೀನುಗಳನ್ನು ತಿನ್ನದಿರುವುದೇ ಕ್ಷೇಮ.

ಕಪ್ಪೆ ಮಾಂಸದ ಅಪಾಯಗಳು ಮಾತ್ರ ಸ್ಪಷ್ಟವಾಗಿ ಸಾಬೀತಾಗಿವೆ. ಅದರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಸರಿಯಾಗಿ ಬೇಯದ ಮಾಂಸದಿಂದ ಲಾಡಿಹುಳುವಿನ ಮರಿಗಳು ಮನುಷ್ಯನ ದೇಹ ಸೇರಬಲ್ಲವು. ಒರಟು ಚರ್ಮದ ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿಗಳಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಬೇಯಿಸಿದರೂ ಅದು ಹೋಗುವುದಿಲ್ಲ.

ನಿಷೇಧದ ನಂತರ

ವ್ಯಾಪಾರ ಸಾಯಲಿಲ್ಲ, ಊರು ಬದಲಿಸಿತು. ಬಾಂಗ್ಲಾದೇಶವೂ ರಫ್ತು ನಿಲ್ಲಿಸಿದ ಮೇಲೆ ಇಂಡೊನೇಷ್ಯಾ ಮುಂದೆ ಬಂತು. 2010ರಿಂದ 2019ರವರೆಗೆ ಐರೋಪ್ಯ ಒಕ್ಕೂಟ ತರಿಸಿಕೊಂಡ ಕಪ್ಪೆ ಕಾಲು 40,000 ಟನ್ನಿಗೂ ಹೆಚ್ಚು. ನಮ್ಮ ನೆರೆಯ ಗೋವಾದಲ್ಲಿ ಮಳೆಗಾಲ ಬಂದರೆ ಅರಣ್ಯ ಇಲಾಖೆಯವರು ‘ಜಂಪಿಂಗ್ ಚಿಕನ್’ ಎಂಬ ಹೆಸರಿನ ಕಪ್ಪೆ ಮಾಂಸಕ್ಕಾಗಿ ಗದ್ದೆಗಿಳಿಯುವವರ ಮೇಲೆ ಕಣ್ಣಿಡಬೇಕಾಗಿದೆ. ಶಕ್ತಿ ಬರುತ್ತದೆಂಬ ನಂಬಿಕೆಯಿಂದ ಬೇಟೆಯಾಡುವ ಉಡ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಂದರೆ ಸೆರೆವಾಸವಿದೆ.

ಗೂಳಿಕಪ್ಪೆ ಇಂದು ಅಳಿವಿನ ಅಂಚಿನಲ್ಲಿಲ್ಲ. ಹಿಡಿಯುವವರು ಕಡಿಮೆಯಾದರೆ ಅದು ಚೇತರಿಸಿಕೊಳ್ಳಬಲ್ಲದು. ಆದರೆ ಅದಕ್ಕೆ ವಿಷವಿಲ್ಲದ ನೀರು, ಬೇಸಗೆಯಲ್ಲಿ ಹುದುಗಲು ಮೆತ್ತನೆಯ ಬದು, ಮೊಟ್ಟೆಯಿಡಲು ಹೊಂಡ ಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಜನ ಹೆಜ್ಜಾರ್ಲೆಗಳನ್ನು ಕೊಂದು ತಿನ್ನದೆ, ಮನೆಯಂಗಳದ ಮರಗಳಲ್ಲಿ ಗೂಡು ಕಟ್ಟಲು ಬಿಟ್ಟರು. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಗದ್ದೆಯ ಕಪ್ಪೆಗೂ ಅಂಥದೇ ಗೌರವ ಸಲ್ಲಬೇಕು.

ಶಿಕ್ಷಕರಿಗೊಂದು ಸಲಹೆ. ಈ ಮಳೆಗಾಲದಲ್ಲಿ ವಿದ್ಯಾರ್ಥಿಗಳು ಹಿರಿಯರ ಜೊತೆಗೆ ಗದ್ದೆಯಂಚಿಗೆ ಹೋಗಿ, ಹತ್ತು ನಿಮಿಷ ಕಪ್ಪೆಗಳ ಕೂಗನ್ನು ಆಲಿಸಿ, ದಿನಾಂಕ, ಮಳೆಯ ಪ್ರಮಾಣ, ಆ ವಾರ ಹೊಡೆದ ಔಷಧದ ಹೆಸರನ್ನು ಬರೆದಿಡಲಿ. ಕಪ್ಪೆಯನ್ನು ಮುಟ್ಟಬೇಕಿಲ್ಲ, ಹಿಡಿಯಬೇಕಿಲ್ಲ. ಐದು ವರ್ಷ ಹೀಗೆ ಬರೆದಿಟ್ಟರೆ, ನಾಲೆ ಸೀಮೆಯ ಕಪ್ಪೆಗಳ ಬಗ್ಗೆ ನಿಮ್ಮ ಶಾಲೆಯೇ ಒಂದು ದಾಖಲೆಯನ್ನು ಹೊಂದಿರುತ್ತದೆ.