ಸೀಸದ ಬೆನ್ನು ಹತ್ತಿದವನು

ಯುರೇನಿಯಂ ಕ್ಷಯಿಸುತ್ತ ಕೊನೆಗೆ ಸೀಸವಾಗುತ್ತದೆ. ಉಲ್ಕಾಶಿಲೆಯೊಳಗಿನ ಸೀಸವನ್ನು ಕರಾರುವಾಕ್ಕಾಗಿ ಅಳೆದರೆ ಭೂಮಿಯ ವಯಸ್ಸು ಸಿಗುತ್ತದೆ. ಆದರೆ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಅಳೆಯಲು ಕೂತಾಗಲೆಲ್ಲ ಗಾಳಿಯಿಂದ, ನೀರಿನಿಂದ, ಗಾಜಿನ ಪಾತ್ರೆಯಿಂದ, ಕಡೆಗೆ ಕೆಲಸ ಮಾಡುವವರ ತಲೆಗೂದಲಿನಿಂದಲೂ ಹೊರಗಿನ ಸೀಸ ಬಂದು ಬೆರೆಯುತ್ತಿತ್ತು. ಆತ ನೆಲ ಒರೆಸಿದ, ಪಾತ್ರೆಗಳನ್ನು ಆಮ್ಲದಲ್ಲಿ ತೊಳೆದ, ಗಾಳಿಯನ್ನೂ ಸೋಸಿ ಒಳಬಿಟ್ಟ. ನಮ್ಮ ಅಜ್ಜಿಯರ ಮಡಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ! 1956ರಲ್ಲಿ ಪ್ರಕಟವಾದ ಉತ್ತರ 455 ಕೋಟಿ ವರ್ಷ. ಅದು ಇಂದಿಗೂ ಹೆಚ್ಚು ಬದಲಾಗಿಲ್ಲ.

ನನಗೆ ಅದಕ್ಕಿಂತ ದೊಡ್ಡದೆನಿಸುವುದು ಆತನ ಮುಂದಿನ ಪ್ರಶ್ನೆ: ಇಷ್ಟೊಂದು ಸೀಸ ಬಂದದ್ದಾದರೂ ಎಲ್ಲಿಂದ? ಸಮುದ್ರದ ಆಳಕ್ಕಿಂತ ಮೇಲ್ಪದರದಲ್ಲೇ ಸೀಸ ಹೆಚ್ಚಿತ್ತು. ಗ್ರೀನ್‌ಲ್ಯಾಂಡಿನಲ್ಲಿ ವರ್ಷವರ್ಷದ ಹಿಮಪದರಗಳನ್ನು ಅಗೆದು ತಂದು ನೋಡಿದರೆ, 1940ರ ನಂತರದ ಹಿಮದಲ್ಲಿ ಅದರ ಪ್ರಮಾಣ ಕಡಿದಾಗಿ ಏರಿತ್ತು. ಬೆರಳು ನೆಟ್ಟಿದ್ದು ಪೆಟ್ರೋಲಿನತ್ತ.

1965ರಲ್ಲಿ ಇದನ್ನು ಬಹಿರಂಗವಾಗಿ ಬರೆದ ಮೇಲೆ ತೈಲ ಉದ್ಯಮದ ಧನಸಹಾಯ ನಿಂತಿತು. 1971ರಲ್ಲಿ ಗಾಳಿಯ ಸೀಸದ ಬಗ್ಗೆ ಕೂಡಿದ ರಾಷ್ಟ್ರೀಯ ತಜ್ಞರ ಸಮಿತಿಯಲ್ಲಿ ಸೀಸವನ್ನು ಅವನಷ್ಟು ಬಲ್ಲವನಿಗೇ ಜಾಗವಿರಲಿಲ್ಲ. ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲು ಪೂರ್ತಿ ನಿಷೇಧವಾದದ್ದು 1996ರ ಜನವರಿ 1ರಂದು. ಪ್ಯಾಟರ್ಸನ್ ಅದರ ಹಿಂದಿನ ತಿಂಗಳು ತೀರಿಕೊಂಡಿದ್ದ.